ಕಂಪ್ಯೂಟರಿನ ಶಾಖಕ್ಕೊಂದು ದಾರಿ

ರಾಯಚೂರಿನಲ್ಲಿ ‘ಕೂಲರು’ ಎಂದೊಡನೆ ಯಾರಿಗಾದರೂ ನೆನಪಾಗುವುದು ಕಿಟಕಿಗೆ ಹೊಂದಿಸಿಟ್ಟ, ನೀರು ಸುರಿಸಿಕೊಂಡು ತಂಪುಗಾಳಿ ಬೀಸುವ ತಗಡಿನ ಪೆಟ್ಟಿಗೆ. ಕಂಪ್ಯೂಟರಿನ ಒಳಗೂ ಇದೇ ಹೆಸರಿನ ಸಾಧನವೊಂದುಂಟು. ಹೆಸರು ಒಂದೇ ಆದುದರಿಂದ ಕೆಲಸವೂ ಒಂದೇ ಎಂದು ಹಲವರು ಭಾವಿಸಿರುವರು. ಇದು ಸರಿಯಲ್ಲ. ಕಿಟಕಿಯ ಕೂಲರು ನೀರನ್ನು ಆವಿಮಾಡಿ, ಗಾಳಿಯ ಉಷ್ಣತೆಯನ್ನು ಹೊರಗಿನದಕ್ಕಿಂತ ಕೆಳಗಿಳಿಸಬಲ್ಲದು. ಕಂಪ್ಯೂಟರಿನ ಕೂಲರಿಗೆ ಆ ಶಕ್ತಿಯಿಲ್ಲ. ಅದು ತಂಪನ್ನು ಉಂಟುಮಾಡುವುದಿಲ್ಲ. ಶಾಖವು ಹೊರಗೆ ಹೋಗಲು ದಾರಿ ಮಾಡಿಕೊಡುತ್ತದೆ, ಅಷ್ಟೆ. ಈ ಒಂದು ಸಂಗತಿಯನ್ನು ಮನಗಂಡವರಿಗೆ ಕೂಲರನ್ನು ಆರಿಸುವುದೂ ಕೂರಿಸುವುದೂ ಕಷ್ಟವಾಗದು.

ಕಳೆದ ಏಪ್ರಿಲಿನಲ್ಲಿ ಆ ಊರಿನಲ್ಲಿರುವ ನನ್ನ ಸೋದರಳಿಯನಿಂದ ಫೋನು ಬಂದಿತು. ಮದುವೆಗಳ ವಿಡಿಯೋ ಜೋಡಿಸಿಕೊಡುವುದು ಅವನ ವೃತ್ತಿ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಫ್ಯಾನಿನ ಬೊಬ್ಬೆಯಂತೂ ಹೇಳತೀರದು. ಮೂರು ಮದುವೆಗಳ ಕೆಲಸ ಬಾಕಿಯಿತ್ತು, ಮುಂಗಡವೂ ಖರ್ಚಾಗಿತ್ತು. “ಪ್ರೊಸೆಸರ್ ಹೋಗ್ಯಾದಂತ್ರಿ ಮಾಮಾ, ಹೊಸಾದು ತರಬೇಕಂತ್ರಿ” ಎಂದು ಅಳುಮೋರೆಯ ದನಿಯಲ್ಲಿ ಹೇಳಿದನು. ಯಾರೋ ರಿಪೇರಿಯವರು ಹಾಗೆಂದಿದ್ದರು. ನನಗೆ ನಂಬಿಕೆ ಬರಲಿಲ್ಲ. ಸುಟ್ಟುಹೋದ ಪ್ರೊಸೆಸರು ನಿಧಾನವಾಗಿ ಓಡುವುದಿಲ್ಲ, ಓಡುವುದೇ ಇಲ್ಲ. ನಿಧಾನವಾಗುವುದು ಬದುಕಿರುವುದರ ಲಕ್ಷಣ.

ಅವನಲ್ಲಿದ್ದುದು ಎಎಂಡಿ ಸಂಸ್ಥೆಯವರ ರೈಜನ್ 5 5600ಎಕ್ಸ್ ಎಂಬ ಪ್ರೊಸೆಸರು. 2020ರಲ್ಲಿ ಹೊರಬಂದುದು. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದಿದ್ದರೂ, ಎಡೆಬಿಡದೆ ದುಡಿಯುವಾಗ ಅದು 76 ವ್ಯಾಟಿನವರೆಗೆ ವಿದ್ಯುತ್ತನ್ನು ಸೆಳೆಯಬಲ್ಲದು. ಈ ವಿದ್ಯುತ್ತೆಲ್ಲವೂ ಕಡೆಗೆ ಏನಾಗುವುದು? ಎಷ್ಟೇ ಗಣಿತ ಮಾಡಲಿ, ಎಷ್ಟೇ ಚಿತ್ರ ಜೋಡಿಸಲಿ, ಅದಷ್ಟೂ ಶಾಖವಾಗಿಯೇ ಹೊರಬೀಳಬೇಕು. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 75 ವ್ಯಾಟಿನ ತಂತಿಯ ಬಲ್ಬನ್ನು ನೆನೆಯಿರಿ. ಅದರ ಬುರುಡೆಯನ್ನು ಮುಟ್ಟಲು ಸಾಧ್ಯವಿತ್ತೆ? ಇಲ್ಲಿ ಅಷ್ಟೇ ಶಾಖದ ಬಹುಭಾಗವು ಒಂದು ಚದರ ಸೆಂಟಿಮೀಟರಿಗಿಂತ ಚಿಕ್ಕದಾದ ಸಿಲಿಕಾನ್ ಬಿಲ್ಲೆಯಿಂದ ಹೊರಡುವುದು. ಉಷ್ಣತೆ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುವುದು. ಉಷ್ಣತೆಯನ್ನು ತೋರಿಸುವ ಪ್ರೋಗ್ರಾಮೊಂದನ್ನು ಹಾಕಿಸಿ ನೋಡಿದಾಗ ಅಂಕಿ 95ರಲ್ಲಿಯೇ ಅಂಟಿಕೊಂಡಿತ್ತು. ಕೋಣೆಯ ಉಷ್ಣತೆ 39 ಡಿಗ್ರಿ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. 95ರಿಂದ 39ನ್ನು ಕಳೆದರೆ 56. ಅಂದರೆ 76 ವ್ಯಾಟ್ ಶಾಖವನ್ನು ಆ ದಾರಿಯಲ್ಲಿ ನೂಕಲು 56 ಡಿಗ್ರಿಗಳ ಅಂತರ ಬೇಕಾಗಿತ್ತು. ಈ ಅಂತರವು ದಾರಿಯ ಗುಣ, ಊರಿನ ಗುಣವಲ್ಲ. ಇದೇ ಕಂಪ್ಯೂಟರನ್ನು ಬೆಂಗಳೂರಿನ ಜನವರಿಯಲ್ಲಿ 22 ಡಿಗ್ರಿಯ ಕೋಣೆಯಲ್ಲಿಟ್ಟರೆ 22ಕ್ಕೆ 56 ಸೇರಿ 78 ಆಗುವುದು. ಯಾವ ತೊಂದರೆಯೂ ಕಾಣದು. ಹವಾನಿಯಂತ್ರಿತ ಅಂಗಡಿಯಲ್ಲಿ ಚೆನ್ನಾಗಿ ಓಡಿ, ಮನೆಗೆ ತಂದೊಡನೆ ಕುಂಟುವ ಕಂಪ್ಯೂಟರುಗಳ ರಹಸ್ಯ ಇದೇ. ಕೋಣೆಯ ಉಷ್ಣತೆಯನ್ನು ಕೂಲರು ತಗ್ಗಿಸಲಾರದು. ಆ 56ನ್ನು ತಗ್ಗಿಸಬಲ್ಲದು.

ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಗುಡಿಸಿ ನೋಡತಕ್ಕದ್ದು. ಮುಂದಿನ ವಾರ ನಾನೇ ಹೋಗಿ ಪೆಟ್ಟಿಗೆಯನ್ನು ಬಿಚ್ಚಿದೆನು. ಪ್ರೊಸೆಸರಿನೊಡನೆ ಬಂದಿದ್ದ ಕೂಲರು ಅಂಗೈಯಗಲದ ಅಲ್ಯುಮಿನಿಯಮಿನ ಅಚ್ಚು, ಅದರ ಮೇಲೊಂದು ಫ್ಯಾನು. ರೆಕ್ಕೆಗಳ ಸಂದಿನಲ್ಲಿ ಧೂಳು ಕಂಬಳಿಯಂತೆ ಕೂತಿತ್ತು. ಕುಂಚದಿಂದ ಅದನ್ನು ತೆಗೆದ ಮೇಲೆ ಅಂಕಿ 91ಕ್ಕೆ ಇಳಿಯಿತು. ವೇಗವೂ ಬಹುಮಟ್ಟಿಗೆ ಮರಳಿತು. ಹಲವು ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯಬಹುದು. ಇಲ್ಲಿ ಹಾಗಾಗಲಿಲ್ಲ. ಮುಂದೆ ಮೇ ತಿಂಗಳು ಇತ್ತು. ಕೋಣೆ ಇನ್ನು ನಾಲ್ಕು ಡಿಗ್ರಿ ಏರಿದರೆ ಮತ್ತೆ 95. ಬೇರೆ ಕೂಲರು ಬೇಕೇ ಆಯಿತು.

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಅಳತೆಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದು ಪ್ರೊಸೆಸರು ಕೂರುವ ಸಾಕೆಟ್ಟಿನ ಹೆಸರು. ನಮ್ಮದು ಎಎಂ4. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಎಎಂ4ರ ಕೂಲರುಗಳಲ್ಲಿ ಅನೇಕವು ಹೊಂದುವುವು. ಆದರೆ ಇಂಟೆಲಿನವರ ಎಲ್‌ಜಿಎ 1200 ಮತ್ತು ಎಲ್‌ಜಿಎ 1700 ಸಾಕೆಟ್ಟುಗಳ ತೂತುಗಳ ಅಂತರ ಒಂದೇ ಅಲ್ಲ. ‘ಎಲ್ಲಕ್ಕೂ ಆಗುತ್ತದೆ’ ಎಂಬ ಮಾತನ್ನು ಕೇಳಿ ಕೊಳ್ಳಕೂಡದು. ಎರಡನೆಯದು ಎತ್ತರ. ಗೋಪುರದಂತೆ ನೆಟ್ಟಗೆ ನಿಲ್ಲುವ ಕೂಲರುಗಳು ಸಾಮಾನ್ಯವಾಗಿ 155ರಿಂದ 165 ಮಿಲಿಮೀಟರು ಎತ್ತರವಿರುವುವು. ಪ್ರೊಸೆಸರಿನ ಮೇಲ್ಮೈಯಿಂದ ಪೆಟ್ಟಿಗೆಯ ಪಕ್ಕದ ಮುಚ್ಚಳದವರೆಗೆ ಅದಕ್ಕಿಂತ ಕಡಿಮೆ ಜಾಗವಿದ್ದರೆ ಮುಚ್ಚಳ ಮುಚ್ಚದು. ಮೂರನೆಯದು ಪಕ್ಕದಲ್ಲಿ ನಿಂತಿರುವ ರ್‍ಯಾಮ್ ಪಟ್ಟಿಗಳ ಎತ್ತರ. ಫ್ಯಾನು ಅವಕ್ಕೆ ತಗುಲಬಹುದು.

ಈ ಗೋಪುರದ ಗುಟ್ಟೆಲ್ಲ ಅದರ ತಾಮ್ರದ ಕೊಳವೆಗಳಲ್ಲಿದೆ. ನಾವು ಅವನ್ನು ಶಾಖನಾಳಗಳೆನ್ನೋಣ. ಅಂಗಡಿಯಲ್ಲಿ ಹೀಟ್ ಪೈಪ್ ಎಂದು ಕೇಳಬೇಕು. ನೋಡಲು ಗಟ್ಟಿ ತಾಮ್ರದ ಸರಳಿನಂತಿದ್ದರೂ ಒಳಗೆ ಟೊಳ್ಳು. ಗಾಳಿಯನ್ನು ಹೊರತೆಗೆದು, ತುಸುವೇ ನೀರನ್ನು ಹಾಕಿ, ಎರಡು ತುದಿಗಳನ್ನೂ ಮುಚ್ಚಿರುವರು. ಗಾಳಿಯ ಒತ್ತಡವಿಲ್ಲದ ಕಾರಣ ಒಳಗಿನ ನೀರು 100 ಡಿಗ್ರಿಯವರೆಗೆ ಕಾಯಬೇಕಾಗಿಲ್ಲ. ಅದಕ್ಕಿಂತ ಬಹಳ ಕೆಳಗೇ ಬುಡದ ಬಿಸಿಗೆ ಆವಿಯಾಗಿ, ಮೇಲಿನ ತಣ್ಣಗಿನ ತುದಿಗೆ ಧಾವಿಸುವುದು. ಅಲ್ಲಿ ಮತ್ತೆ ನೀರಾಗಿ, ಹೊತ್ತು ತಂದ ಶಾಖವನ್ನು ಅಲ್ಯುಮಿನಿಯಮಿನ ಹಾಳೆಗಳಿಗೆ ಒಪ್ಪಿಸುವುದು. ಕೊಳವೆಯ ಒಳಗೋಡೆಗೆ ರಂಧ್ರಮಯವಾದ ತಾಮ್ರದ ಪದರವುಂಟು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಈ ಪದರವು ನೀರನ್ನು ಮತ್ತೆ ಬುಡಕ್ಕೆ ಎಳೆದು ತರುವುದು. ಒಂದು ಗ್ರಾಮು ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು. ಆದುದರಿಂದ 76 ವ್ಯಾಟನ್ನು ಸಾಗಿಸಲು ನಿಮಿಷಕ್ಕೆ ಎರಡು ಗ್ರಾಮಿಗಿಂತ ತುಸು ಕಡಿಮೆ ನೀರು ಆವಿಯಾಗುತ್ತಿದ್ದರೆ ಸಾಕು! ಕಿಟಕಿಯ ಕೂಲರಿನ ತತ್ತ್ವವೇ ಇಲ್ಲಿಯೂ ಇದೆಯಲ್ಲವೆ? ಭೇದವಿಷ್ಟೆ: ಅಲ್ಲಿ ಆವಿಯು ಕೋಣೆಗೆ ಬಂದುಬಿಡುವುದು, ಇಲ್ಲಿ ಕೊಳವೆಯೊಳಗೇ ತಿರುಗುತ್ತಿರುವುದು. ಇಂಥ ನಾಳದ ಕಲ್ಪನೆಗೆ ಜನರಲ್ ಮೋಟರ್ಸಿನ ಗಾಗ್ಲರ್ ಎಂಬುವನಿಗೆ 1944ರಲ್ಲಿಯೇ ಪೇಟೆಂಟು ದೊರೆತಿತ್ತು. ಅದು ಮೂಲೆಯಲ್ಲಿ ಬಿದ್ದಿತ್ತು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರನು ಅದನ್ನು ಸ್ವತಂತ್ರವಾಗಿ ಮಾಡಿ ತೋರಿಸಿದ ಮೇಲೆ ಅಂತರಿಕ್ಷಯಾನದವರು ಅದನ್ನು ಬರಮಾಡಿಕೊಂಡರು.

ನಾಲ್ಕು ಶಾಖನಾಳ, 120 ಮಿಲಿಮೀಟರಿನ ಒಂದು ಫ್ಯಾನು, ಇಷ್ಟಿರುವ ಗೋಪುರ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕಾಯಿತು. ಪಂಪಿನಿಂದ ದ್ರವವನ್ನು ತಿರುಗಿಸುವ ದುಬಾರಿ ಕೂಲರುಗಳೂ ಉಂಟು. 200 ವ್ಯಾಟಿನಾಚೆಯ ಪ್ರೊಸೆಸರುಗಳಿಗೆ ಅವು ಉಚಿತವಾದಾವು. ಅವುಗಳ ಶಾಖವೂ ಕೊನೆಗೆ ಸೇರುವುದು ಅದೇ ಕೋಣೆಯ ಗಾಳಿಯನ್ನೇ. ಜೊತೆಗೆ ಕೆಡಲು ಒಂದು ಪಂಪು ಹೆಚ್ಚಾಯಿತು. ಇನ್ನು ಬಣ್ಣಬಣ್ಣದ ದೀಪಗಳ ವಿಷಯ. ಅದರಿಂದ ಒಂದು ಡಿಗ್ರಿಯೂ ಇಳಿಯದು.

ಕೂರಿಸುವ ಕೆಲಸದಲ್ಲಿ ಮೊದಲ ಅಪಾಯವಿರುವುದು ಹಳೆಯದನ್ನು ತೆಗೆಯುವಾಗ. ಒಣಗಿದ ಪೇಸ್ಟು ಗೋಂದಿನಂತೆ ಹಿಡಿದಿರುವುದು. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1,331 ಸೂಜಿಗಾಲುಗಳಿವೆ. ಕೂಲರನ್ನು ನೇರವಾಗಿ ಮೇಲಕ್ಕೆಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತುಬಂದು ಸೂಜಿಗಳು ಬಾಗಬಹುದು. ಆದುದರಿಂದ ಕಂಪ್ಯೂಟರನ್ನು ಕೆಲ ನಿಮಿಷ ಓಡಿಸಿ, ಪೇಸ್ಟು ಮೆತ್ತಗಾದ ಮೇಲೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು, ಕೂಲರಿನ ತಿರುಪುಗಳನ್ನು ಬಿಚ್ಚಬೇಕು. ಅನಂತರ ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಗಿಸುತ್ತ ಬಿಡಿಸಬೇಕು. ತಿರುಪುಗಳು ಹೊರಬಂದೊಡನೆ ಮದರ್‌ಬೋರ್ಡಿನ ಹಿಂಬದಿಯ ಲೋಹದ ಪಟ್ಟಿ ಕಳಚಿ ಬೀಳುವುದು. ಒಂದು ಕೈ ಅಲ್ಲಿರಲಿ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಹೊಸದನ್ನು ಒಂದು ಬಟಾಣಿಯಷ್ಟು ಇಟ್ಟರೆ ಸಾಕು. ಹೆಚ್ಚಾದರೆ ಒಳ್ಳೆಯದೆಂದು ಬಳಿಯುವವರುಂಟು. ಪೇಸ್ಟು ಶಾಖವನ್ನು ಒಯ್ಯುವುದರಲ್ಲಿ ತಾಮ್ರದ ಎಂಬತ್ತರಲ್ಲೊಂದು ಪಾಲಿನಷ್ಟೂ ಸಮರ್ಥವಲ್ಲದಿರಬಹುದು. ಅದರ ಹಿರಿಮೆ ಗಾಳಿಯೊಡನೆ ಹೋಲಿಸಿದಾಗ ಮಾತ್ರ. ಎಷ್ಟೇ ನುಣುಪಾದ ಲೋಹಗಳಾದರೂ ಅವುಗಳ ನಡುವೆ ಸಣ್ಣ ಗುಣಿಗಳಿದ್ದು ಅಲ್ಲಿ ಗಾಳಿ ನಿಲ್ಲುವುದು. ಒಂಬತ್ತು ಚದರ ಸೆಂಟಿಮೀಟರು ಹರವಿನ, ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ ದಪ್ಪದ ಗಾಳಿಯ ಪದರವನ್ನು 76 ವ್ಯಾಟ್ ಶಾಖ ದಾಟಬೇಕಾದರೆ ಸುಮಾರು 160 ಡಿಗ್ರಿಗಳ ಅಂತರ ಬೇಕು. ಅದೇ ಜಾಗವನ್ನು ಸಾಧಾರಣ ಪೇಸ್ಟು ತುಂಬಿದ್ದರೆ ಒಂದು ಡಿಗ್ರಿಗೂ ಕಡಿಮೆ.

ಇದನ್ನೆಲ್ಲ ಅಳಿಯನಿಗೆ ಗಂಭೀರವಾಗಿ ಬೋಧಿಸುತ್ತ ನಾನೇ ಕೂಲರನ್ನು ಕೂರಿಸಿದೆನು. ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಅಂಕಿ 95! ಹೊಸ ಕೂಲರಿನ ಹಣವೂ ಹೋಯಿತೆಂದು ಹುಡುಗನ ಮುಖ ಬಾಡಿತು. ಬಿಚ್ಚಿ ನೋಡಿದರೆ, ಬುಡದ ರಕ್ಷಣೆಗೆಂದು ಅಂಟಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾನು ಕೀಳಲೇ ಇರಲಿಲ್ಲ. ಮೇಲಿನ ಲೆಕ್ಕವನ್ನೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಅದೊಂದರಿಂದಲೇ 20 ಡಿಗ್ರಿಗೂ ಹೆಚ್ಚು. ಹಾಳೆಯ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಬೇರೆ.

ಹಾಳೆಯನ್ನು ಕಿತ್ತು, ಒರಸಿ, ಮತ್ತೊಂದು ಬಟಾಣಿ ಪೇಸ್ಟಿಟ್ಟು, ತಿರುಪುಗಳನ್ನು ಈ ಬಾರಿ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಬುಡ ಓರೆಯಾಗಿ ಪೇಸ್ಟು ಒಂದು ಕಡೆಗೆ ಸರಿಯುವುದು. ಫ್ಯಾನಿನ ಗಾಳಿ ಪೆಟ್ಟಿಗೆಯ ಮುಂಭಾಗದಿಂದ ಹಿಂಭಾಗಕ್ಕೆ ಬೀಸುವಂತಿರಬೇಕು. ಆಧಾರದ ಕಡ್ಡಿಗಳಿರುವ ಮಗ್ಗುಲಿನಿಂದ ಗಾಳಿ ಹೊರಬರುವುದೆಂಬ ಗುರುತನ್ನು ನೆನಪಿಡಿ. ಅದರ ನಾಲ್ಕು ತಂತಿಗಳ ಕೊಂಡಿಯನ್ನು ಮದರ್‌ಬೋರ್ಡಿನಲ್ಲಿ ‘ಸಿಪಿಯು ಫ್ಯಾನ್’ ಎಂದು ಬರೆದಿರುವಲ್ಲಿಯೇ ಸಿಕ್ಕಿಸಬೇಕು. ಆಗ ಬಿಸಿಗೆ ತಕ್ಕಂತೆ ವೇಗ ಏರಿಳಿಯುವುದು.

ಅರ್ಧ ಗಂಟೆ ಸತತವಾಗಿ ದುಡಿಸಿದ ಮೇಲೆ ಅಂಕಿ 80ರಲ್ಲಿ ನಿಂತಿತು. ಕೋಣೆ ಅದೇ 39. ಹಿಂದಿನ 56ರ ಅಂತರ ಈಗ 41 ಆಗಿತ್ತು. ಅದರಲ್ಲಿ ಒಂದು ಪಾಲು ಪ್ರೊಸೆಸರಿನ ಒಳಗಿನ ದಾರಿಯದೇ ಆದುದರಿಂದ, ಎಷ್ಟು ದೊಡ್ಡ ಕೂಲರು ತಂದರೂ ಅದನ್ನು ತೊಡೆದುಹಾಕಲಾಗದು. ಮೂರು ಮದುವೆಗಳ ಕೆಲಸವೂ ಆ ವಾರವೇ ಮುಗಿಯಿತು. ಧೂಳಿನ ಊರಿನಲ್ಲಿ ಎರಡು ತಿಂಗಳಿಗೊಮ್ಮೆ ಕುಂಚವಾಡಿಸುವಂತೆ ಅವನಿಗೆ ಹೇಳಿಬಂದಿದ್ದೇನೆ. ಊದುವ ಯಂತ್ರವನ್ನು ಬಳಸುವುದಾದರೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗು ಸವೆಯುವುದು.