‘ಇನ್’ ಇದ್ದರೆ ಬೆಂಕಿ ಹತ್ತದು ಅಂತೀರಾ?

ಹೋದ ದೀಪಾವಳಿಗೆ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದೆವು. ಮಿಕ್ಕಿದ್ದ ಥಿನ್ನರ್ ಡಬ್ಬಿಯನ್ನು ನನ್ನ ತಂಗಿಯ ಮಗಳು ತಂದು ಗ್ಯಾಸ್ ಒಲೆಯ ಪಕ್ಕದಲ್ಲೇ ಇಟ್ಟಳು. ಗದರಿಸಿದರೆ ಡಬ್ಬಿಯ ಮೇಲಿನ ಕೆಂಪು ಅಕ್ಷರ ತೋರಿಸಿ, “ದೊಡ್ಡಮ್ಮ, ಇನ್‌ಫ್ಲ್ಯಾಮಬಲ್ ಅಂತ ಬರೆದಿದೆ ನೋಡಿ, ಬೆಂಕಿ ಹತ್ತಲ್ಲ” ಅಂದಳು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಹುಡುಗಿ!

ಅವಳೊಬ್ಬಳನ್ನೇ ಬೈದು ಏನು ಪ್ರಯೋಜನ, ನೀವೂ ಹಾಗೇ ಲೆಕ್ಕ ಹಾಕಿರುತ್ತೀರಿ. ವಿಸಿಬಲ್ ಅಂದರೆ ಕಾಣುವುದು, ಇನ್‌ವಿಸಿಬಲ್ ಅಂದರೆ ಕಾಣದ್ದು. ಫ್ಲ್ಯಾಮಬಲ್ ಅಂದರೆ ಉರಿಯುವುದು, ಹಾಗಾದರೆ ಇನ್‌ಫ್ಲ್ಯಾಮಬಲ್ ಅಂದರೆ ಉರಿಯದ್ದು. ಲೆಕ್ಕವೇನೋ ಚೆಂದವಾಗಿದೆ, ಉತ್ತರ ತಪ್ಪು. ಬೆಳ್ಳಗಿರುವುದೆಲ್ಲ ಹಾಲಲ್ಲ. ಎರಡು ಪದಕ್ಕೂ ಅರ್ಥ ಒಂದೇ: ಸುಲಭವಾಗಿ ಬೆಂಕಿ ಹತ್ತಿಕೊಳ್ಳುವಂಥದ್ದು. ಲ್ಯಾಟಿನ್ ಭಾಷೆಯ ‘ಇನ್‌ಫ್ಲಮಾರೆ’ ಎಂದರೆ ಬೆಂಕಿ ಹಚ್ಚುವುದು. ಅಲ್ಲಿನ ‘ಇನ್’ಗೆ ‘ಒಳಕ್ಕೆ’ ಎಂಬ ಅರ್ಥವೇ ಹೊರತು ‘ಇಲ್ಲ’ ಎಂದಲ್ಲ. ಗಾಯ ಕೆಂಪಗಾಗಿ ಬಾತುಕೊಂಡು ಉರಿದರೆ ಡಾಕ್ಟರು ಇನ್‌ಫ್ಲಮೇಷನ್ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು.

ನಮ್ಮಲ್ಲೂ ಇಂಥ ಗುಂಡಿಗಳಿವೆ. ಅಸತ್ಯ ಅಂದರೆ ಸತ್ಯವಲ್ಲದ್ದು ಸರಿ. ಅಮೂಲ್ಯ ಅಂದರೆ ಬೆಲೆಯೇ ಇಲ್ಲದ್ದು ಅಂತ ಯಾರಾದರೂ ಹೇಳಿದರೆ ನೀವೇ ನಗುತ್ತೀರಿ. ಇನ್‌ವ್ಯಾಲ್ಯುಯಬಲ್ ಕೂಡ ಹಾಗೇ. ಆಫೀಸಿನವರು ನಿಮ್ಮ ಕೆಲಸವನ್ನು ಹಾಗೆಂದು ಬರೆದರೆ ಮುಖ ಊದಿಸಿಕೊಳ್ಳಬೇಡಿ, ಹೊಗಳಿದ್ದಾರೆ.

ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುತ್ತಾರೆ ಎಂದೇ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಇನ್’ ಕಿತ್ತುಹಾಕಿ, ಬರೀ ಫ್ಲ್ಯಾಮಬಲ್ ಅಂತ ಬರೆಯಿರಿ ಎಂದು ಹಟ ಹಿಡಿಯಿತು. ನಮ್ಮ ಪೆಟ್ರೋಲ್ ಟ್ಯಾಂಕರುಗಳ ಬೆನ್ನ ಮೇಲೆ ಹಳೆಯ ಪದ ಇನ್ನೂ ಓಡಾಡುತ್ತಿದೆ. ಆದ್ದರಿಂದ ನೀವು ಬರೆಯುವಾಗ ಫ್ಲ್ಯಾಮಬಲ್ ಅಂತಲೇ ಬರೆಯಿರಿ, ಓದುವಾಗ ಎರಡಕ್ಕೂ ಹೆದರಿ. ಉರಿಯದ್ದಕ್ಕೆ ನಾನ್‌ಫ್ಲ್ಯಾಮಬಲ್ ಎಂಬ ಬೇರೆ ಪದವೇ ಇದೆ.

ನಿಜವಾದ ವ್ಯತ್ಯಾಸ ಇರುವುದು ಕಂಬಸ್ಟಿಬಲ್ ಎಂಬ ಪದದ ಜೊತೆಗೆ. ಅದೂ ಉರಿಯುವಂಥದ್ದೇ, ಆದರೆ ಸ್ವಲ್ಪ ಕಾಯಿಸಿದ ಮೇಲೆ. ದ್ರವ ಎಷ್ಟು ಬಿಸಿಯಾದಾಗ ಅದರ ಆವಿಗೆ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೋ ಅದನ್ನು ಫ್ಲ್ಯಾಶ್ ಪಾಯಿಂಟ್ ಅನ್ನುತ್ತಾರೆ. ಆ ಸಂಘ ಬಹುಕಾಲ ಇಟ್ಟುಕೊಂಡಿದ್ದ ವಿಂಗಡಣೆಯಲ್ಲಿ, 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಹತ್ತಿಕೊಂಡರೆ ಫ್ಲ್ಯಾಮಬಲ್, ಅಲ್ಲಿಂದ ಮೇಲಾದರೆ ಕಂಬಸ್ಟಿಬಲ್. ಪೆಟ್ರೋಲಿಗೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯೂ ಸಾಕು. ಅಡುಗೆ ಎಣ್ಣೆ 200 ಡಿಗ್ರಿ ದಾಟಬೇಕು. ಹಾಗೆಂದು ಬಾಣಲೆ ಒಲೆಯ ಮೇಲಿಟ್ಟು ಫೋನಿನಲ್ಲಿ ಹರಟಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ. ಒಲೆ ಆರಿಸಿ, ತಟ್ಟೆ ಮುಚ್ಚಿ.

ಇನ್ನು ಉಗುರು ಬಣ್ಣ ತೆಗೆಯುವ ರಿಮೂವರ್, ಡಿಯೋ ಡಬ್ಬಿ, ಸ್ಯಾನಿಟೈಸರ್. ಇವುಗಳ ಮೇಲೆ ಏನು ಬರೆದಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ? ಕೈಗೆ ಸ್ಯಾನಿಟೈಸರ್ ಹಚ್ಚಿ, ಅದು ಆರುವ ಮುಂಚೆ ಲೈಟರ್ ಒತ್ತುವವರನ್ನು ನಾನೇ ಕಂಡಿದ್ದೇನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆದೀತೆ?

ಇನ್ನೊಂದು ಪದವಿದೆ, ‘ಖಾಲಿ’. ಬೆಂಜಮಿನ್ ಲೀ ವೋರ್ಫ್ ಎಂಬ ಭಾಷಾಶಾಸ್ತ್ರಜ್ಞರು ಹೊಟ್ಟೆಪಾಡಿಗೆ ಬೆಂಕಿ ವಿಮಾ ಕಂಪನಿಯಲ್ಲಿದ್ದರು. ಪೆಟ್ರೋಲ್ ತುಂಬಿದ ಡ್ರಮ್ಮುಗಳ ಬಳಿ ಎಚ್ಚರವಾಗಿರುವ ಜನ ಖಾಲಿ ಡ್ರಮ್ಮುಗಳ ಬಳಿ ಬೀಡಿ ಸಿಗರೇಟಿನ ವಿಷಯದಲ್ಲಿ ಮೈಮರೆಯುವುದನ್ನು ಗಮನಿಸಿ ಬರೆದರು. ಅಪಾಯ ಹೆಚ್ಚಿರುವುದು ಖಾಲಿಯದರಲ್ಲೇ, ಒಳಗೆಲ್ಲ ಆವಿ ತುಂಬಿರುತ್ತದೆ.

ನಮ್ಮ ಥಿನ್ನರ್ ಡಬ್ಬಿ ಈಗ ಹಿತ್ತಲ ಕಡೆಯ ಕೋಣೆಯಲ್ಲಿದೆ, ಮುಚ್ಚಳ ಬಿಗಿಯಾಗಿದೆ. ಅದರ ಮೇಲೆ ಹುಡುಗಿಯೇ ಸ್ಕೆಚ್ ಪೆನ್ನಿನಲ್ಲಿ ‘ಬೆಂಕಿ ಹತ್ತುತೆ’ ಎಂದು ಬರೆದಿದ್ದಾಳೆ. ಒಂದು ಒತ್ತಕ್ಷರ ಬಿಟ್ಟಿದ್ದಾಳೆ, ನಾನು ತಿದ್ದಲು ಹೋಗಿಲ್ಲ.