ಬಿಲ್ಲಿನ ದಿನ, ಬಟವಾಡೆಯ ದಿನ

ಮದ್ದೂರು ತಾಲ್ಲೂಕಿನ ಒಂದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಇಪ್ಪತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ನಿವೃತ್ತನಾದ ಮೇಲೂ ಜನ ಸಾಲಸೋಲದ ಮಾತಿಗೆ ನಮ್ಮ ಮನೆ ಜಗಲಿಗೇ ಬರುತ್ತಾರೆ. ಮೊದಲೆಲ್ಲ ಪಹಣಿ, ಜಾಮೀನು, ಸುಸ್ತಿ, ಇವೇ ಮಾತು. ಈಚೆಗೆ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ: "ಕ್ಯಾಶ್‌ಬ್ಯಾಕ್ ಕಾರ್ಡ್ ಕೊಡ್ತೀವಿ ಅಂತ ದಿನಾ ಫೋನ್ ಮಾಡ್ತಾವ್ರೆ. ತಗೊಳ್ಳದಾ ಬ್ಯಾಡ್ವಾ, ನೀವೇ ಯೋಳಿ ಸಾ." ಅವರಿಗೆ ಹೇಳುತ್ತ ಬಂದದ್ದನ್ನೂ ನಾನೇ ಕಾರ್ಡ್ ಇಟ್ಟುಕೊಂಡು ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

1. ಸೊಸೈಟಿಯಲ್ಲಿ ಈ ಕಾರ್ಡ್ ಯಾಕಿಲ್ಲ?

ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲೊಂದು ಕ್ರೆಡಿಟ್ ಯೂನಿಯನ್ ಸದಸ್ಯ. "ಮಾವ, ಇದೂ ನಿಮ್ಮ ಸೊಸೈಟಿ ಥರಾನೇ. ಸದಸ್ಯರೇ ಒಡೆಯರು. ನಮಗೆ ಕ್ಯಾಶ್‌ಬ್ಯಾಕ್ ಕಾರ್ಡೂ ಕೊಡ್ತಾರೆ, ನೀವ್ಯಾಕೆ ಕೊಡಲ್ಲ?" ಎಂದು ಕೇಳಿದ. ಅವನು ಹೇಳಿದ ನೆಂಟಸ್ತನ ನಿಜ. ಜರ್ಮನಿಯ ರೈಫೈಸನ್ 1860ರ ದಶಕದಲ್ಲಿ ಹಳ್ಳಿಯ ರೈತರಿಗಾಗಿ ಕಟ್ಟಿದ ಪತ್ತಿನ ಸಂಘಗಳ ಬೀಜವೇ ಅಲ್ಲಿಗೂ ಹೋಯಿತು, ಇಲ್ಲಿಗೂ ಬಂತು. ನಮ್ಮಲ್ಲಿ 1904ರಲ್ಲಿ ಕಾಯ್ದೆಯಾಯಿತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಶುರು ಮಾಡಿದರು.

ಕಾರ್ಡಿನ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಗಿದೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಕ್ರೆಡಿಟ್ ಕಾರ್ಡ್ ಕೊಡುವವರ ಸಾಲಿನಿಂದ ನಮ್ಮ ಸೊಸೈಟಿಗಳ ಮೇಲಿನ ರಾಜ್ಯ ಸಹಕಾರ ಬ್ಯಾಂಕ್, ಜಿಲ್ಲಾ ಸಹಕಾರ ಕೇಂದ್ರ (ಡಿಸಿಸಿ) ಬ್ಯಾಂಕುಗಳನ್ನೇ ಹೊರಗಿಟ್ಟಿತು. ಪಟ್ಟಣ ಸಹಕಾರ ಬ್ಯಾಂಕಿಗೆ ಅವಕಾಶವಿದೆ, ಆದರೆ ನಿವ್ವಳ ಸಂಪತ್ತು 100 ಕೋಟಿ ರೂಪಾಯಿಗೆ ಕಡಿಮೆ ಇರಬಾರದು. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿಯ ರೈತನ ಮುಂದೆ ಬರುವ ಕ್ಯಾಶ್‌ಬ್ಯಾಕ್ ಕಾರ್ಡ್ ಬಹುಮಟ್ಟಿಗೆ ವಾಣಿಜ್ಯ ಬ್ಯಾಂಕಿನದ್ದು. ಇನ್ನೊಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು ವರ್ಷಕ್ಕೆ 18%ಗಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ನಮ್ಮಲ್ಲಿ ಕಾರ್ಡಿಗೆ ತಿಂಗಳಿಗೇ 3.5% ಆಸುಪಾಸು, ಅಂದರೆ ವರ್ಷಕ್ಕೆ 42%. 30% ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಅಕ್ಕನ ಮಗನ ಲೆಕ್ಕ ಅವನ ಊರಿಗೆ ಸರಿ, ನಮ್ಮೂರಿಗೆ ಹೊಂದುವುದಿಲ್ಲ.

2. ದುಡ್ಡು ಬರುವ ದಿನ ಮೊದಲು ಬರೆಯಿರಿ

ನನ್ನ ಹತ್ತಿರ ಬಂದವರಿಗೆ ಮೊದಲು ಕೇಳುವುದು ಇದನ್ನೇ. ವರ್ಷಕ್ಕೆ ಎಷ್ಟು ಬರುತ್ತದೆ ಎಂದಲ್ಲ, ಯಾವಾಗ ಬರುತ್ತದೆ ಎಂದು. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ, ತಪ್ಪದೆ ಬರುತ್ತದೆ. ನಾಲೆ ಬಯಲಿನ ದುಡ್ಡು ಹಾಗಲ್ಲ. ಕಬ್ಬು ಹಾಕಿ ಕಡಿಯಲು ವರ್ಷ ಬೇಕು. ಕಟಾವಿನ ಆರ್ಡರ್ ಬರಬೇಕು, ಆಳು ಸಿಗಬೇಕು, ಲೋಡು ಹೋಗಬೇಕು, ಆಮೇಲೆ ಬಿಲ್ಲು. ಕಬ್ಬು ಪೂರೈಸಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆ ಹದಿನಾಲ್ಕು ದಿನವನ್ನು ನಂಬಿ ನಾನು ಕೆಟ್ಟೆ.

ಒಂದು ವರ್ಷ ಬೋರಿನ ಮೋಟಾರು ಸುಟ್ಟಿತು. ಅದೇ ವಾರ ಮಗಳ ಕಾಲೇಜಿಗೆ ಕಟ್ಟಬೇಕಿತ್ತು. ಎರಡೂ ಸೇರಿ 40,000 ರೂಪಾಯಿ ಕಾರ್ಡಿನಲ್ಲಿ ಉಜ್ಜಿದೆ. ಕಬ್ಬು ಆಗಲೇ ಕಾರ್ಖಾನೆ ಸೇರಿತ್ತು, ಬಿಲ್ಲು ಬಂದರೆ ಕಟ್ಟಿಬಿಡುತ್ತೇನೆ ಎಂದುಕೊಂಡಿದ್ದೆ. ಮೂರು ತಿಂಗಳಾದರೂ ಕಾರ್ಖಾನೆಯ ದುಡ್ಡು ಬರಲಿಲ್ಲ. ಪ್ರತಿ ತಿಂಗಳೂ ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ' ಮಾತ್ರ ಕಟ್ಟುತ್ತ ಹೋದೆ. ಲೆಕ್ಕ ತೀರಿಸಿದ ದಿನ ಸ್ಟೇಟ್‌ಮೆಂಟುಗಳನ್ನು ಊಟದ ಮಣೆಯ ಮೇಲೆ ಹರಡಿ ಕೂಡಿಸಿದೆ. ಬಡ್ಡಿ, ಅದರ ಮೇಲೆ 18% ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 5,000 ರೂಪಾಯಿ. ಕಾರ್ಡ್ ತೆಗೆದುಕೊಂಡಾಗಿನಿಂದ ಒಂದೂವರೆ ವರ್ಷದಲ್ಲಿ ನನಗೆ ಬಂದಿದ್ದ ಕ್ಯಾಶ್‌ಬ್ಯಾಕು 1,140.

ಬೇರೆಯವರ ಸಾಲದ ಖಾತೆಯನ್ನು ಅಷ್ಟು ವರ್ಷ ಬರೆದ ನನಗೇ ಹೀಗಾಯಿತು. ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ: ಕಬ್ಬಿನ ದುಡ್ಡನ್ನು, ರೇಷ್ಮೆ ಗೂಡಿನ ದುಡ್ಡನ್ನು ನಂಬಿ ಕಾರ್ಡ್ ಉಜ್ಜಬೇಡಿ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದೇ ಗೊತ್ತಿಲ್ಲದ 2023ರಂಥ ಬರದ ವರ್ಷವೂ ನಮ್ಮ ಪಾಲಿಗಿದೆ. ಡೇರಿ ಬಟವಾಡೆಯ ಮಾತು ಬೇರೆ. ಎರಡು ಹಸು ಕಟ್ಟಿ ಮಂಡ್ಯ ಹಾಲು ಒಕ್ಕೂಟವಾದ ಮನ್‌ಮುಲ್‌ಗೆ ಹಾಲು ಹಾಕುವ ಮನೆಗೆ ಕೈಗೆ ಬರುವ ದುಡ್ಡಿಗೊಂದು ಕ್ರಮ ಇದೆ. ಕಾರ್ಡಿನ ಖರ್ಚು ಆ ಬಟವಾಡೆಯೊಳಗೇ ಮುಗಿಯುವಂತಿದ್ದರೆ ಯೋಚಿಸಬಹುದು.

3. ನಿಮ್ಮ ಮನೆಯ ಖರ್ಚಿನಲ್ಲಿ ಕಾರ್ಡಿಗೆ ದಕ್ಕುವುದು ಎಷ್ಟು

ನಮ್ಮ ಮನೆಯದ್ದೇ ಲೆಕ್ಕ ಕೊಡುತ್ತೇನೆ. ತಿಂಗಳ ಖರ್ಚು 18,000 ಎಂದಿಟ್ಟುಕೊಳ್ಳಿ. ಇದರಲ್ಲಿ ಕೂಲಿ, ಸಂತೆ, ಮುಯ್ಯಿ, ಬಸ್ ಚಾರ್ಜು ಎಲ್ಲ ನಗದು. ಪೆಟ್ರೋಲಿಗೆ ಬಹಳಷ್ಟು ಕಾರ್ಡುಗಳು ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ. ಸರ್‌ಚಾರ್ಜ್ ಒಂದು ಮಾಫಿ ಮಾಡುತ್ತಾರೆ, ಅದೂ ಮಿತಿಯೊಳಗೆ. ಮನೆ ಬಾಡಿಗೆ, ವಾಲೆಟ್, ಕಂತುಗಳನ್ನೂ ಬಿಟ್ಟಿರುತ್ತಾರೆ. ಉಳಿದದ್ದು ದಿನಸಿ, ಔಷಧಿ, ಬಟ್ಟೆ, ಒಂದಿಷ್ಟು ಆನ್‌ಲೈನ್ ಸಾಮಾನು: 6,000. ಜಾಹೀರಾತಿನ 5% ಅವರು ಹೇಳಿದ ಆ್ಯಪ್‌ಗಳಲ್ಲಿ ಕೊಂಡರೆ ಮಾತ್ರ. ಮಿಕ್ಕಿದ್ದಕ್ಕೆ 1%. ಅಂದರೆ ತಿಂಗಳಿಗೆ 60, ವರ್ಷಕ್ಕೆ 720 ರೂಪಾಯಿ. ವಾರ್ಷಿಕ ಶುಲ್ಕ 499 ಇದ್ದರೆ ಜಿಎಸ್‌ಟಿ ಸೇರಿ 589. ಕೈಗೆ ಉಳಿಯುವುದು 131.

ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಲ್ಲಿ ಬಂದ ಮೇಲೆ ಸಣ್ಣ ಅಂಗಡಿಯಲ್ಲೂ ಕಾರ್ಡ್ ನಡೆಯುತ್ತದೆ ಎನ್ನುತ್ತಾರೆ. ಹೌದು, ಅಂಗಡಿಯವರ ಹೆಸರಿನ ವ್ಯಾಪಾರದ ಕ್ಯೂಆರ್ ಇದ್ದರೆ. ಮಳವಳ್ಳಿಯಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ, ಹೋಗಲಿಲ್ಲ. ನೋಡಿದರೆ ಅದು ಅಂಗಡಿಯವರ ಮಗನ ಸ್ವಂತ ಖಾತೆ. ವ್ಯಕ್ತಿಯಿಂದ ವ್ಯಕ್ತಿಗೆ ಕ್ರೆಡಿಟ್ ಕಾರ್ಡಿನ ದುಡ್ಡು ಹೋಗುವುದಿಲ್ಲ.

ಈ ಲೆಕ್ಕವನ್ನು ಎರಡು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಆಮೇಲೆ ಅರ್ಜಿ ಹಾಕಿ. ಶುಲ್ಕವಿಲ್ಲದ ಕಾರ್ಡಾದರೂ ಬರೆಯಿರಿ. ಕಾರ್ಡ್ ಬಂದ ಮೇಲೆ ಖರ್ಚು ಬೆಳೆಯಿತೋ ಇಲ್ಲವೋ ತಿಳಿಯಲು ಹಳೆಯ ಪುಟ ಬೇಕಾಗುತ್ತದೆ.

4. 'ಕನಿಷ್ಠ ಮೊತ್ತ' ಕಟ್ಟಿದರೆ ಆಯಿತು ಎಂಬುದು ತಪ್ಪು ತಿಳಿವಳಿಕೆ

20,000 ಬಿಲ್ಲಿಗೆ 1,000 ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿ 665, ಜಿಎಸ್‌ಟಿ ಸೇರಿ 785. ಮೇಲೆ ಹೇಳಿದ ಇಡೀ ವರ್ಷದ ಕ್ಯಾಶ್‌ಬ್ಯಾಕು ಒಂದೇ ತಿಂಗಳಲ್ಲಿ ಮುಳುಗಿತು. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚೇ ಆಗುತ್ತದೆ. ಬಡ್ಡಿ ಹಿಡಿಯುವುದು ಕೊಂಡ ದಿನದಿಂದ. ಪೂರ್ತಿ ತೀರುವವರೆಗೆ ಹೊಸದಾಗಿ ಕೊಂಡ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ.

5. ನಾಟಿ ವಾರದ ಎಟಿಎಂ

ನಾಟಿಗೆ ಹೆಣ್ಣಾಳು ಬಂದಿರುತ್ತಾರೆ, ಸಂಜೆಗೆ ಕೂಲಿ ನಗದಾಗಿಯೇ ಕೊಡಬೇಕು. ಆಗ ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಿ 10,000 ತೆಗೆದವರನ್ನು ನೋಡಿದ್ದೇನೆ. ಬಹುತೇಕ ಬ್ಯಾಂಕುಗಳಲ್ಲಿ ಇದಕ್ಕೆ ಕನಿಷ್ಠ ಶುಲ್ಕ 500ರ ಆಸುಪಾಸು. ಬಡ್ಡಿ ಅದೇ ದಿನದಿಂದ. ಶುಲ್ಕ 500, ಬಡ್ಡಿ 350, ಎರಡರ ಮೇಲೂ ಜಿಎಸ್‌ಟಿ. ಒಂದು ತಿಂಗಳಿಗೆ 10,000ಕ್ಕೆ 1,000 ರೂಪಾಯಿ. ಊರಿನ ಮೀಟರ್ ಬಡ್ಡಿಯವರ ನೂರಕ್ಕೆ ಹತ್ತಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

6. ಬೆಳೆಗೆ ಬೇಕಾದ ದುಡ್ಡು ಸೊಸೈಟಿಯಿಂದಲೇ ಬರಲಿ

ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಬಂತು. ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ಇದೆಯೆಂದು ಎರಡನ್ನೂ ಒಂದೇ ಎಂದುಕೊಳ್ಳುವವರು ಇವತ್ತಿಗೂ ಇದ್ದಾರೆ. ಕಿಸಾನ್ ಕಾರ್ಡಿನಲ್ಲಿ ಕ್ಯಾಶ್‌ಬ್ಯಾಕ್ ಇಲ್ಲ. ಆದರೆ ಕರ್ನಾಟಕದಲ್ಲಿ ಅದರ ಮೇಲೆ ಸಹಕಾರ ಸಂಘ ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಬಜೆಟ್‌ನಲ್ಲಿ ಘೋಷಿಸಿದರು. ನಿಮಗೆ ಎಷ್ಟು ಸಿಗುತ್ತದೆ ಎಂಬುದು ಪಹಣಿ, ಬೆಳೆ, ಸಂಘದ ಹತ್ತಿರ ಇರುವ ಹಣದ ಮೇಲೆ ನಿಂತಿದೆ. ಅಲೆದಾಟ ಇದೆ, ಒಪ್ಪುತ್ತೇನೆ. ನಾನೇ ಎಷ್ಟೋ ಜನರನ್ನು ಅಲೆಸಿದ್ದೇನೆ, ಮೇಲಿನಿಂದ ದುಡ್ಡು ಬರದಿದ್ದಾಗ ಬೇರೆ ದಾರಿಯಿರಲಿಲ್ಲ. ಆದರೂ ಗಡುವಿನೊಳಗೆ ಕಟ್ಟಿದರೆ ಸೊನ್ನೆ ಬಡ್ಡಿಯ ಸಾಲ ಇನ್ನೆಲ್ಲೂ ಇಲ್ಲ. ಗಡುವು ಮೀರಿ ಸುಸ್ತಿಯಾದರೆ ಆ ರಿಯಾಯಿತಿ ಹೋಗುತ್ತದೆ. ಗೊಬ್ಬರ, ಬಿತ್ತನೆ, ಕೂಲಿಗೆ ಸೊಸೈಟಿ ಸಾಲ. ಸೋಪು, ಔಷಧಿಗೆ ಬೇಕಾದರೆ ಕ್ಯಾಶ್‌ಬ್ಯಾಕ್ ಕಾರ್ಡ್.

7. ಯಾರಿಗೆ ತಗೊಳ್ಳಿ ಎಂದೆ

ಮಳವಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಮದ್ದೂರಿನ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಸಂಬಳ ಪ್ರತಿ ತಿಂಗಳು 7ಕ್ಕೆ. ಕಾರ್ಡಿನ ಬಿಲ್ಲು ಕಟ್ಟುವ ಕೊನೇ ದಿನ 2 ಎಂದು ಬಂದಿತ್ತು. ಐದು ದಿನದ ಅಂತರಕ್ಕೆ ಪ್ರತಿ ಸಲ ಕೈಸಾಲ. "ದಿನ ಬದಲಾಯಿಸಿ ಅಂತ ಕೇಳವ್ವ" ಎಂದೆ. ಬಿಲ್ಲಿನ ಚಕ್ರ ಬದಲಿಸಿಕೊಳ್ಳುವ ಹಕ್ಕು ಗ್ರಾಹಕರಿಗೆ ಇದೆ, ರಿಸರ್ವ್ ಬ್ಯಾಂಕೇ ಕೊಟ್ಟದ್ದು. ಕೇಳಿದಳು, ಆಯಿತು. ಈಗ 7ಕ್ಕೆ ಸಂಬಳ, 12ಕ್ಕೆ ಬಿಲ್ಲಿನ ಕೊನೇ ದಿನ, ಪೂರ್ತಿ ಮೊತ್ತ ಖಾತೆಯಿಂದ ತಾನಾಗಿ ಕಡಿತ. ಅವಳ ಕೈಯಲ್ಲಿ ಕಾರ್ಡ್ ಇರುವುದು ನನಗೆ ಸಂತೋಷ. ಪೇ ಸ್ಲಿಪ್ ಇಲ್ಲದವರು, ಎಳನೀರು ವ್ಯಾಪಾರದವರು, ಒಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯಬಹುದು. ಮಿತಿ ಎಫ್‌ಡಿಯೊಳಗೇ ಇರುವುದು ಒಳ್ಳೆಯದೇ. ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಸಿಬಿಲ್‌ನಲ್ಲಿ ನಿಮ್ಮದೊಂದು ಸಾಲದ ಚರಿತ್ರೆಯೂ ಇರುತ್ತದೆ.

8. ಫೋನಿನಲ್ಲಿ 'ಹೂಂ' ಅನ್ನಬೇಡಿ

ಫೋನಿನಲ್ಲಿ ಹೂಂ ಅಂದದ್ದೂ ಅರ್ಜಿಯಾಗಿಬಿಡಬಹುದು, ಪ್ರತಿ ಅರ್ಜಿಯೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ. ಒಂದೇ ವಾರ ನಾಲ್ಕು ಕಡೆ ಹಾಕಿದರೆ ಸಾಲಕ್ಕೆ ಪರದಾಡುತ್ತಿದ್ದಾನೆ ಎಂದು ಕಾಣುತ್ತದೆ. ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಬಂದರೂ ಒಟಿಪಿ ಕೊಟ್ಟು ಚಾಲೂ ಮಾಡಬೇಡಿ. ದುಡ್ಡು ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಕರೆ ಮಾಡುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಫೋನ್ 14448.

9. ಬೇಡವಾದರೆ ಮುಚ್ಚಿಸಿ

ಕತ್ತರಿಸಿ ಬಿಸಾಡಿದರೆ ಕಾರ್ಡ್ ಮುಚ್ಚಿದಂತಲ್ಲ. ವಾರ್ಷಿಕ ಶುಲ್ಕ ಬೀಳುತ್ತಲೇ ಇರುತ್ತದೆ. ಬಾಕಿ ತೀರಿಸಿ, ಬರಹದಲ್ಲಿ ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು.

ನಾನು ಮೋಟಾರಿನ ಆ ಕಾರ್ಡನ್ನು ಹಾಗೆಯೇ ಮುಚ್ಚಿಸಿದೆ. ಈಗ ಇರುವುದು ಎಫ್‌ಡಿ ಮೇಲಿನ ಒಂದೇ ಕಾರ್ಡು, ಔಷಧಿ ಅಂಗಡಿಗೂ ರೈಲಿನ ಟಿಕೆಟ್ಟಿಗೂ. ನನ್ನ ಹೆಂಡತಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಡೇರಿ ಬಟವಾಡೆಗೆ ಹಸಿರು ಗುಂಡು ಹಾಕುತ್ತಾಳೆ, ಕಾರ್ಡಿನ ಬಿಲ್ಲಿಗೆ ಕೆಂಪು. ಕೆಂಪು ಯಾವತ್ತೂ ಹಸಿರಿನ ಮಾರನೇ ದಿನ.