ಚಿಂಕಾರ ನೋಡಲು ಹೊರಟವರಿಗೆ

ವಿಜಯಪುರದ ಗಾಂಧಿ ಚೌಕದಿಂದ ಹೊರಟು ಬಬಲೇಶ್ವರ ದಾಟಿ, ಗಲಗಲಿಯಲ್ಲಿ ಕೃಷ್ಣೆಯ ಸೇತುವೆ ಹಾಯ್ದರೆ ಯಡಹಳ್ಳಿ ದೂರವಿಲ್ಲ. ಬೀಳಗಿ, ಮುಧೋಳ ಸೀಮೆಯ ಆ ಕುರುಚಲು ಗುಡ್ಡಗಳು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾದವು. ಅಲ್ಲಿ ದಟ್ಟ ಕಾಡು ಹುಡುಕಬೇಡಿ. ಮುಳ್ಳುಕಂಟಿ, ಹುಲ್ಲು, ಕಲ್ಲುನೆಲವೇ ಚಿಂಕಾರ ಎಂಬ ಈ ಹುಲ್ಲೆಯ ಮನೆ. ಸೊಪ್ಪು, ಇಬ್ಬನಿಯ ತೇವದಲ್ಲೇ ಅದು ದಿನಗಟ್ಟಲೆ ನೀರಿಲ್ಲದೆ ಬದುಕಬಲ್ಲದು. ಅಂಥ ನೆಲವನ್ನು ಬಂಜರು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಅರಣ್ಯ ಇಲಾಖೆಯ ಅನುಮತಿ ಪಡೆದು ನಸುಕಿನಲ್ಲೇ ಹೋಗಿ. ಹಾರ್ನ್ ಬೇಡ, ನಾಯಿಯಂತೂ ಬೇಡವೇ ಬೇಡ. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮಲಗಿದ್ದರೆ ತಬ್ಬಲಿಯೆಂದು ಎತ್ತಿಕೊಳ್ಳಬೇಡಿ. ತಾಯಿಯೇ ಅದನ್ನು ಅಲ್ಲಿ ಅಡಗಿಸಿಟ್ಟು ಹತ್ತಿರದಲ್ಲೆಲ್ಲೋ ಮೇಯುತ್ತಿರುತ್ತದೆ. ನೀವು ಸರಿದರೇನೇ ಹಾಲೂಡಿಸಲು ಬರುತ್ತದೆ. ಬೇಸಿಗೆಯಲ್ಲಿ ಹುಲ್ಲು ಹೊತ್ತಿಕೊಳ್ಳಲು ಬೀಡಿಯ ಒಂದು ಕಿಡಿ ಸಾಕು. ಬೆಂಕಿಪೊಟ್ಟಣ ಮನೆಯಲ್ಲೇ ಇಟ್ಟು ಹೊರಡಿ.